ಓದುಗರ ಪ್ರಶ್ನೆ, ನಮ್ಮ ಉತ್ತರ: ಸೋಲರಿಯದ ಫ್ರಾಂಕೆಲ್ ಮತ್ತು ಅದರ ವಂಶಾವಳಿ

ಎರಡು ಸಂಚಿಕೆಗಳ ಹಿಂದೆ ಬೇರೊಂದು ಪ್ರಶ್ನೆಗೆ ಉತ್ತರಿಸುತ್ತಾ, ‘ಥರೋಬ್ರೆಡ್ ಓಟದ ಕುದುರೆಗಳಿಗೆ ಅಂಕ ಕೊಡುವವರ ಲೆಕ್ಕದಲ್ಲಿ ಹದಿನಾಲ್ಕು ಓಟ ಓಡಿ ಹದಿನಾಲ್ಕನ್ನೂ ಗೆದ್ದ ಬ್ರಿಟನ್ನಿನ ಫ್ರಾಂಕೆಲ್‌ನದು ಅಗ್ರಸ್ಥಾನ’ ಎಂದು ಒಂದು ಸಾಲು ಬರೆದಿದ್ದೆ. ಆ ಸಾಲನ್ನು ಹಿಡಿದು ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನು ತುಂಬುವಷ್ಟಿವೆ. ಯಾವ ಕುದುರೆಯ ಮೇಲೆ ಹಣ ಕಟ್ಟಬೇಕೆಂದು ಕೇಳಿದ ಮೂವರಿಗೆ ನನ್ನಲ್ಲಿ ಉತ್ತರವಿಲ್ಲ. ಉಳಿದವರ ಪ್ರಶ್ನೆಗಳನ್ನು ಒಂದಕ್ಕೊಂದು ಹೊಂದುವಂತೆ ಜೋಡಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನೂರು ಮೀಟರ್ ಓಟಗಾರನಿಗಾದರೆ ಗಡಿಯಾರವಿದೆ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಓಡಿದ ಕುದುರೆಗಳಲ್ಲಿ ಯಾವುದು ಶ್ರೇಷ್ಠವೆಂದು ಹೇಳುವುದು ಹೇಗೆ? — ಓದುಗರು, ಹಾಸನ

ಉತ್ತರ: ಕುದುರೆ ಓಟದಲ್ಲಿ ಗಡಿಯಾರವನ್ನು ಅರ್ಧ ಮಾತ್ರ ನಂಬಬಹುದು. ಯುರೋಪಿನಲ್ಲಿ ಓಟ ಹೆಚ್ಚಾಗಿ ನಡೆಯುವುದು ಹುಲ್ಲಿನ ನೆಲದ ಮೇಲೆ. ಹಿಂದಿನ ರಾತ್ರಿ ಮಳೆ ಬಿದ್ದು ನೆಲ ಮೆತ್ತಗಾಗಿದ್ದರೆ ಅದೇ ಕುದುರೆ ಅದೇ ದೂರಕ್ಕೆ ಹಲವು ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತದೆ. ಒಂದು ರೇಸ್‌ಕೋರ್ಸ್ ಏರಿನಲ್ಲಿ ಮುಗಿದರೆ ಇನ್ನೊಂದು ಸಪಾಟಾಗಿರುತ್ತದೆ. ಜಾಕಿಗಳು, ಅಂದರೆ ಸವಾರರು, ಮೊದಲರ್ಧವನ್ನು ಬೇಕೆಂದೇ ನಿಧಾನವಾಗಿ ಓಡಿಸಿ, ಕೊನೆಯ ಎರಡು ಫರ್ಲಾಂಗುಗಳಲ್ಲಿ (ಎಂಟು ಫರ್ಲಾಂಗ್ ಸೇರಿದರೆ ಒಂದು ಮೈಲಿ) ಮಾತ್ರ ಲಗಾಮು ಸಡಿಲಿಸುವುದೂ ಉಂಟು. ಆದ್ದರಿಂದ ಕುದುರೆಯ ಯೋಗ್ಯತೆಯನ್ನು ಹ್ಯಾಂಡಿಕ್ಯಾಪರ್ ಎಂಬ ತಜ್ಞ ಅಳೆಯುವುದು ತೂಕದ ಭಾಷೆಯಲ್ಲಿ.

ಇದನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸಿನಲ್ಲಿ. ತೆಳ್ಳನೆಯ ಜಾಕಿಯೊಬ್ಬ ಜೀನನ್ನು ಮಡಿಲಲ್ಲಿಟ್ಟುಕೊಂಡು ತಕ್ಕಡಿಯ ಮೇಲೆ ಕುಳಿತ. ಮುಳ್ಳು ನಿಗದಿತ ತೂಕವನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತಿದ್ದವನು ಬೆರಳಗಲದ ಸೀಸದ ಪಟ್ಟಿಗಳನ್ನು ಒಂದೊಂದಾಗಿ ಜೀನಿನ ಚೀಲಕ್ಕೆ ತುರುಕುತ್ತಾ ಹೋದ. ಮುಳ್ಳು ಸರಿಯಾದ ಗೆರೆಗೆ ಬಂದ ಮೇಲೆಯೇ ಜಾಕಿ ಎದ್ದದ್ದು. ಆ ಸೀಸವೇ ಹ್ಯಾಂಡಿಕ್ಯಾಪಿನ ತಿರುಳು. ಹೆಚ್ಚು ಬಲ್ಲ ಕುದುರೆಗೆ ಹೆಚ್ಚು ಹೊರೆ, ಕಡಿಮೆ ಬಲ್ಲದ್ದಕ್ಕೆ ಕಡಿಮೆ ಹೊರೆ ಕೊಟ್ಟು, ಎಲ್ಲವೂ ಒಂದೇ ಗೆರೆಯಲ್ಲಿ ಗುರಿ ಮುಟ್ಟುವಂತೆ ಮಾಡಲು ಎಷ್ಟು ಪೌಂಡ್ ವ್ಯತ್ಯಾಸ ಬೇಕಾಗುತ್ತದೆಯೋ ಅದೇ ಅವುಗಳ ನಡುವಿನ ಅಂತರ. ಕುದುರೆಯ ಮೂತಿಯಿಂದ ಬಾಲದವರೆಗಿನ ಸುಮಾರು ಎಂಟು ಅಡಿಯನ್ನು ಒಂದು ಲೆಂಗ್ತ್ ಎನ್ನುತ್ತಾರೆ. ಒಂದು ಮೈಲಿಯ ಓಟದಲ್ಲಿ ಒಂದು ಲೆಂಗ್ತಿನ ಗೆಲುವನ್ನು ಸರಿಸುಮಾರು ಎರಡು ಪೌಂಡ್ ಎಂದು ಎಣಿಸುತ್ತಾರೆ. ಓಟ ಗಿಡ್ಡವಾದರೆ ಅದು ಮೂರರ ಹತ್ತಿರಕ್ಕೆ ಏರುತ್ತದೆ, ಉದ್ದವಾದರೆ ಇಳಿಯುತ್ತದೆ.

ಕುದುರೆ ಓಟದ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಪ್ರತಿವರ್ಷ ಹೊರಡಿಸುವ ವಿಶ್ವ ಪಟ್ಟಿ ಈ ಪೌಂಡ್ ಲೆಕ್ಕದ್ದೇ. 115 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವುಗಳಿಗೆ ಮಾತ್ರ ಅದರಲ್ಲಿ ಜಾಗ. 2012ರಲ್ಲಿ ಫ್ರಾಂಕೆಲ್ ಪಡೆದದ್ದು 140. ಇಲ್ಲೊಂದು ಸ್ವಾರಸ್ಯವಿದೆ. 1986ರಲ್ಲಿ ಡ್ಯಾನ್ಸಿಂಗ್ ಬ್ರೇವ್ ಎಂಬ ಕುದುರೆಗೆ 141 ಅಂಕ ಸಿಕ್ಕಿತ್ತು. 2013ರ ಜನವರಿಯಲ್ಲಿ ಹಳೆಯ ಅಂಕಗಳನ್ನೆಲ್ಲ ಮರುಪರಿಶೀಲಿಸಿ, ಆ ಕಾಲದಲ್ಲಿ ಅಂಕ ಕೊಡುವ ಕೈ ಸ್ವಲ್ಪ ಧಾರಾಳವಾಗಿತ್ತೆಂದು ಹೇಳಿ, ಅದನ್ನು 138ಕ್ಕೆ ಇಳಿಸಿದರು. ಫ್ರಾಂಕೆಲ್ ಅಗ್ರಸ್ಥಾನಕ್ಕೆ ಬಂದದ್ದು ಹೀಗೆ. ನಿವೃತ್ತನಾದವನ ಅಂಕವನ್ನು ಇಪ್ಪತ್ತಾರು ವರ್ಷಗಳ ನಂತರ ತಿದ್ದುವುದು ನ್ಯಾಯವೇ ಎಂದು ಆಗ ಜಗಳವಾಯಿತು. ನನಗೂ ಅದು ಅಷ್ಟು ಸರಿಯೆನಿಸುವುದಿಲ್ಲ. ಎರಡೂ ಕುದುರೆಗಳ ಒಡೆಯರು ಒಬ್ಬರೇ, ಸೌದಿ ಅರೇಬಿಯಾದ ರಾಜಕುಮಾರ ಖಾಲಿದ್ ಅಬ್ದುಲ್ಲಾ ಆಗಿದ್ದರಿಂದ ಅವರ ಮನೆಯಲ್ಲಂತೂ ಜಗಳವಾಗಿರಲಾರದು. 1948ರಿಂದ ತನ್ನದೇ ಕ್ರಮದಲ್ಲಿ ಅಂಕ ಕೊಡುತ್ತಾ ಬಂದಿರುವ ಇಂಗ್ಲೆಂಡಿನ ಟೈಮ್‌ಫಾರ್ಮ್ ಸಂಸ್ಥೆಯ ಪಟ್ಟಿಯಲ್ಲಿ ಫ್ರಾಂಕೆಲ್‌ಗೆ 147; ಅದಕ್ಕೂ ಮುಂಚೆ ಸುಮಾರು ಅರ್ಧ ಶತಮಾನ ಅಲ್ಲಿ ಮೇಲಿದ್ದದ್ದು 145ರ ಸೀ ಬರ್ಡ್. 2022ರಲ್ಲಿ ಅಮೆರಿಕದ ಫ್ಲೈಟ್‌ಲೈನ್ ಕೂಡ ವಿಶ್ವ ಪಟ್ಟಿಯಲ್ಲಿ 140 ಮುಟ್ಟಿತು. ಆದರೆ ಅದು ಜೀವಮಾನದಲ್ಲಿ ಓಡಿದ್ದು ಆರೇ ಸಲ.

ಪ್ರಶ್ನೆ: ಹದಿನಾಲ್ಕಕ್ಕೆ ಹದಿನಾಲ್ಕು ಗೆದ್ದಿತು ಎನ್ನುತ್ತೀರಿ. ಎದುರಾಳಿಗಳು ಸಪ್ಪೆಯಾಗಿದ್ದರೇನೋ? — ಓದುಗರು, ಶಿವಮೊಗ್ಗ

ಉತ್ತರ: ಸಂಶಯ ಸಹಜ. ಆದರೆ ಮೊದಲ ಓಟವನ್ನೇ ನೋಡಿ. 2010ರ ಆಗಸ್ಟ್ 13ರಂದು ನ್ಯೂಮಾರ್ಕೆಟ್‌ನಲ್ಲಿ, ಎರಡು ವರ್ಷದ ಹೊಸಬರ ಓಟದಲ್ಲಿ ಫ್ರಾಂಕೆಲ್ ಅರ್ಧ ಲೆಂಗ್ತಿನಿಂದ ಸೋಲಿಸಿದ್ದು ನಥಾನಿಯೆಲ್ ಎಂಬ ಕುದುರೆಯನ್ನು. ಆ ನಥಾನಿಯೆಲ್ ಮರುವರ್ಷ ಆಸ್ಕಾಟ್‌ನ ಕಿಂಗ್ ಜಾರ್ಜ್ ಓಟವನ್ನು ಗೆದ್ದಿತು; ಮುಂದೆ ಪ್ಯಾರಿಸ್ಸಿನ ಆರ್ಕ್ ಡಿ ಟ್ರಯೋಂಫ್ ಓಟವನ್ನು ಎರಡು ಸಲ ಗೆದ್ದ ಎನೇಬಲ್ ಎಂಬ ಹೆಣ್ಣುಕುದುರೆಯ ತಂದೆಯಾಯಿತು. 2012ರ ಅಕ್ಟೋಬರ್ 20ರಂದು ಫ್ರಾಂಕೆಲ್ ಕೊನೆಯ ಓಟ ಓಡಿದಾಗಲೂ ಮೂರನೆಯದಾಗಿ ಬಂದದ್ದು ಇದೇ ನಥಾನಿಯೆಲ್. ಎಕ್ಸೆಲಬ್ರೇಷನ್ ಎಂಬ ಇನ್ನೊಂದರ ಹಣೆಬರಹ ಇದಕ್ಕಿಂತ ಕೆಟ್ಟದ್ದು. ಫ್ರಾಂಕೆಲ್‌ಗೆ ಐದು ಸಲ ಎದುರಾಗಿ ಐದು ಸಲವೂ ಸೋತಿತು. ಫ್ರಾಂಕೆಲ್ ಇಲ್ಲದ ಕಡೆ ಅದೇ ಕುದುರೆ ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಗ್ರೂಪ್ ಒನ್ ಓಟಗಳನ್ನು ಗೆದ್ದಿತು. ಗ್ರೂಪ್ ಒನ್ ಎಂದರೆ ಓಟಗಳಲ್ಲಿ ಅತ್ಯುನ್ನತ ದರ್ಜೆ. ಫ್ರಾಂಕೆಲ್‌ನ ಹದಿನಾಲ್ಕು ಗೆಲುವುಗಳಲ್ಲಿ ಹತ್ತು ಆ ದರ್ಜೆಯವು.

ಒಂದೇ ಒಂದು ಓಟವನ್ನು ವಿವರವಾಗಿ ಹೇಳಬೇಕೆಂದರೆ 2011ರ ಏಪ್ರಿಲ್ 30ರ ಟೂ ಥೌಸಂಡ್ ಗಿನೀಸ್. ನ್ಯೂಮಾರ್ಕೆಟ್‌ನ ನೇರ ಒಂದು ಮೈಲಿ, ತಿರುವೇ ಇಲ್ಲ. ಇಂಥ ಓಟದಲ್ಲಿ ನೆಚ್ಚಿನ ಕುದುರೆಯನ್ನು ಮಂದೆಯ ನಡುವೆ ಅಡಗಿಸಿಟ್ಟು, ಕೊನೆಗೆ ಹೊರತೆಗೆಯುವುದು ವಾಡಿಕೆ. ತರಬೇತುದಾರ ಹೆನ್ರಿ ಸೆಸಿಲ್ ಪಳಗಿಸಿದ ಫ್ರಾಂಕೆಲ್‌ಗೆ ವೇಗ ಹಾಕಿಕೊಡಲೆಂದೇ ಮುಂದೋಡುವ ಪೇಸ್‌ಮೇಕರ್ ಕುದುರೆಯೊಂದನ್ನೂ ಒಡೆಯರು ಇಳಿಸಿದ್ದರು. ಆದರೆ ಬಾಗಿಲು ತೆರೆದ ಕೆಲವೇ ಕ್ಷಣಗಳಲ್ಲಿ ಫ್ರಾಂಕೆಲ್ ಮುಂದೆ, ಪೇಸ್‌ಮೇಕರ್ ಹಿಂದೆ. ಜಾಕಿ ಟಾಮ್ ಕ್ವೀಲಿ ತಡೆಯಲಿಲ್ಲ. ಅರ್ಧ ದೂರ ಮುಗಿಯುವಷ್ಟರಲ್ಲಿ ಅದಕ್ಕೂ ಉಳಿದವಕ್ಕೂ ನಡುವೆ ಹತ್ತು ಲೆಂಗ್ತಿಗೂ ಹೆಚ್ಚು ಹಸಿರು ನೆಲ ಬಿದ್ದಿತ್ತು. ಆ ವರ್ಷದ ಅತ್ಯುತ್ತಮ ಮೂರು ವರ್ಷದ ಕುದುರೆಗಳು ಒಂದು ಓಟದಲ್ಲಿದ್ದರೆ, ಇದು ಇನ್ಯಾವುದೋ ಓಟದಲ್ಲಿ ಒಬ್ಬಂಟಿಯಾಗಿ ಓಡುತ್ತಿರುವಂತೆ ಕಾಣುತ್ತಿತ್ತು. ಕೊನೆಯ ಏರಿನಲ್ಲಿ ಅಂತರ ಕರಗಿ ಆರು ಲೆಂಗ್ತಿಗೆ ಇಳಿಯಿತೆಂಬುದು ನಿಜ. ಆದರೆ ಅಷ್ಟು ಹೊತ್ತಿಗೆ ಅದನ್ನು ಹಿಡಿಯುವ ಆಸೆ ಯಾರಿಗೂ ಉಳಿದಿರಲಿಲ್ಲ.

ಸೋಲಿನ ಅಂಚಿಗೆ ಬಂದದ್ದೂ ಉಂಟು. ಅದೇ ವರ್ಷದ ಜೂನ್‌ನಲ್ಲಿ, ಆಸ್ಕಾಟ್‌ನ ಸೇಂಟ್ ಜೇಮ್ಸ್ ಪ್ಯಾಲೇಸ್ ಓಟದಲ್ಲಿ ಕ್ವೀಲಿ ಅರ್ಧ ಮೈಲಿಗೂ ಮೊದಲೇ ಪೇಸ್‌ಮೇಕರ್‌ನ ಬೆನ್ನಟ್ಟಿದರು. ಕುದುರೆ ಕೊನೆಯಲ್ಲಿ ಬಳಲಿತು. ಝೊಫಾನಿ ಎಂಬುದು ಮುಕ್ಕಾಲು ಲೆಂಗ್ತಿನವರೆಗೆ ಹತ್ತಿರ ಬಂತು. ಇನ್ನೊಂದು ಫರ್ಲಾಂಗ್ ಉಳಿದಿದ್ದರೆ ಕತೆಯೇ ಬೇರೆಯಾಗುತ್ತಿತ್ತೇನೋ. ಫ್ರಾಂಕೆಲ್‌ಗೆ ಸದಾ ಓಡುವ ಆತುರ. ಆ ಆತುರವನ್ನು ಪಳಗಿಸಿ, ಕಾಯುವುದನ್ನು ಕಲಿಸಿದ್ದೇ ಸೆಸಿಲ್ ಅವರ ಮುಂದಿನ ಒಂದು ವರ್ಷದ ಕೆಲಸ. ಫಲ 2012ರಲ್ಲಿ ಸಿಕ್ಕಿತು. ಆಸ್ಕಾಟ್‌ನ ಕ್ವೀನ್ ಆನ್ ಓಟದಲ್ಲಿ ಹನ್ನೊಂದು ಲೆಂಗ್ತ್. ಯಾರ್ಕ್‌ನಲ್ಲಿ, ಮೊದಲ ಬಾರಿಗೆ ಒಂದು ಮೈಲಿಯನ್ನು ದಾಟಿ ಹತ್ತು ಫರ್ಲಾಂಗಿನ ಮೇಲೆ ಓಡಿದಾಗ, ಏಳು ಲೆಂಗ್ತ್. ಹೊಟ್ಟೆಯ ಕ್ಯಾನ್ಸರ್‌ನಿಂದ ನರಳುತ್ತಿದ್ದ ಸೆಸಿಲ್ ಆ ದಿನ ಯಾರ್ಕ್‌ಗೆ ಬಂದಿದ್ದರು. ಮಾತು ಪಿಸುದನಿಗೆ ಇಳಿದಿತ್ತು. ಹತ್ತು ಸಲ ಬ್ರಿಟನ್ನಿನ ಚಾಂಪಿಯನ್ ತರಬೇತುದಾರರಾಗಿದ್ದ ಈ ಮನುಷ್ಯ 2005ರಲ್ಲಿ ಇಡೀ ವರ್ಷಕ್ಕೆ ಗೆದ್ದದ್ದು ಹನ್ನೆರಡೇ ಓಟ. ಲಾಯಗಳು ಖಾಲಿಯಾಗಿ, ಒಡೆಯರು ಒಬ್ಬೊಬ್ಬರಾಗಿ ಕುದುರೆಗಳನ್ನು ಬೇರೆಡೆಗೆ ಒಯ್ದಾಗಲೂ ಖಾಲಿದ್ ಅಬ್ದುಲ್ಲಾ ಅವರನ್ನು ಬಿಡಲಿಲ್ಲ. ಬಿಟ್ಟಿದ್ದರೆ ಫ್ರಾಂಕೆಲ್ ಬೇರೆಯವರ ಕೈಗೆ ಹೋಗುತ್ತಿತ್ತು. ಸೆಸಿಲ್ ತೀರಿಕೊಂಡದ್ದು 2013ರ ಜೂನ್ 11ರಂದು, ಫ್ರಾಂಕೆಲ್‌ನ ಮೊದಲ ಮರಿಗಳು ಇನ್ನೂ ತಾಯಂದಿರ ಹೊಟ್ಟೆಯಲ್ಲಿದ್ದಾಗ.

ಪ್ರಶ್ನೆ: ಫ್ರಾಂಕೆಲ್ ಎಂಬ ಹೆಸರಿನ ಅರ್ಥವೇನು? — ಓದುಗರು, ಉಡುಪಿ

ಉತ್ತರ: ಅದು ಮನುಷ್ಯನ ಹೆಸರು. ಅಮೆರಿಕದಲ್ಲಿ ಖಾಲಿದ್ ಅಬ್ದುಲ್ಲಾ ಅವರ ಕುದುರೆಗಳಿಗೆ ತರಬೇತಿ ಕೊಡುತ್ತಿದ್ದ ಬಾಬಿ ಫ್ರಾಂಕೆಲ್ 2009ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ನೆನಪಿಗೆಂದು, ಲಾಯದಲ್ಲಿದ್ದ ಮರಿಗಳಲ್ಲಿ ಹೆಚ್ಚು ಭರವಸೆಯದೊಂದಕ್ಕೆ ಆ ಹೆಸರಿಟ್ಟರು.

ಪ್ರಶ್ನೆ: ಓಟದ ಕುದುರೆಗಳಲ್ಲಿ ಒಳಸಂಬಂಧ ಹೆಚ್ಚೆಂದು ಕೇಳಿದ್ದೇನೆ. ನಮ್ಮಲ್ಲಿ ಅಕ್ಕನ ಮಗಳನ್ನು ತರುವಂತೆಯೇ? ಅದರಿಂದ ಹಾನಿಯಿಲ್ಲವೆ? — ಓದುಗರು, ಕುಣಿಗಲ್

ಉತ್ತರ: ಹೈದರಾಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಿನಿಂದಲೇ ಈ ಪ್ರಶ್ನೆ ಬಂದಿರುವುದು ಸಂತೋಷ. ಥರೋಬ್ರೆಡ್ ತಳಿಯೇ ಒಂದು ದೊಡ್ಡ ಅವಿಭಕ್ತ ಕುಟುಂಬ. ಇಂದಿನ ಪ್ರತಿಯೊಂದು ಥರೋಬ್ರೆಡ್‌ನ ಗಂಡುಸಾಲನ್ನು ಹಿಂದಕ್ಕೆ ಎಳೆದರೆ, ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಪೂರ್ವದಿಂದ ಇಂಗ್ಲೆಂಡಿಗೆ ಬಂದ ಮೂರು ಕುದುರೆಗಳಲ್ಲಿ ಒಂದಕ್ಕೆ ಹೋಗಿ ಮುಟ್ಟುತ್ತದೆ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬುವೇ ಆ ಮೂರು. ಈಗಿನವುಗಳಲ್ಲಿ ಬಹುಪಾಲು 1704ರಲ್ಲಿ ಅಲೆಪ್ಪೊದಿಂದ ಬಂದ ಡಾರ್ಲಿ ಅರೇಬಿಯನ್‌ನ ಗಂಡುಸಾಲಿನವು, ಫ್ರಾಂಕೆಲ್ ಕೂಡ. 1791ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಸ್ಟಡ್ ಬುಕ್, ಅಂದರೆ ವಂಶಾವಳಿಯ ದಾಖಲೆಪುಸ್ತಕ, ಹೊರಗಿನ ರಕ್ತಕ್ಕೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿದೆ. ಗೋತ್ರ ನೋಡಿ ಸಗೋತ್ರ ಬಿಡುವ ನಮ್ಮ ಪದ್ಧತಿಗೆ ಇದು ನೇರ ವಿರುದ್ಧ. ಇಲ್ಲಿ ಗೋತ್ರ ನೋಡುವುದೇ ಅದು ಎರಡೂ ಕಡೆ ಸಿಗಲಿ ಎಂದು.

ಫ್ರಾಂಕೆಲ್‌ನದೇ ಜಾತಕ ನೋಡೋಣ. ತಂದೆ ಗೆಲಿಲಿಯೋ, ಅಜ್ಜ ಸ್ಯಾಡ್ಲರ್ಸ್ ವೆಲ್ಸ್, ಮುತ್ತಜ್ಜ ನಾರ್ದರ್ನ್ ಡ್ಯಾನ್ಸರ್. ತಾಯಿ ಕೈಂಡ್, ಅವಳ ತಂದೆ ಡೇನ್‌ಹಿಲ್, ಅವನ ತಂದೆ ಡ್ಯಾನ್ಜಿಗ್, ಡ್ಯಾನ್ಜಿಗ್‌ನ ತಂದೆ ಮತ್ತೆ ನಾರ್ದರ್ನ್ ಡ್ಯಾನ್ಸರ್. ತಂದೆಯ ಕಡೆ ಮೂರನೆಯ ತಲೆಮಾರಿನಲ್ಲಿ, ತಾಯಿಯ ಕಡೆ ನಾಲ್ಕನೆಯ ತಲೆಮಾರಿನಲ್ಲಿ ಒಂದೇ ಪೂರ್ವಜ. ಕುದುರೆ ಸಾಕುವವರು ಇದನ್ನು ‘ಮೂರಕ್ಕೆ ನಾಲ್ಕು’ ಎನ್ನುತ್ತಾರೆ. ಗೆಲಿಲಿಯೋ ಮತ್ತು ಡೇನ್‌ಹಿಲ್‌ನ ಹೆಣ್ಣುಮಕ್ಕಳ ಜೋಡಿ ಇದೊಂದೇ ಸಲ ಫಲಿಸಿದ್ದಲ್ಲ. ಟಿಯೋಫಿಲೋ, ಹೈಲ್ಯಾಂಡ್ ರೀಲ್ ಮುಂತಾದ ಗ್ರೂಪ್ ಒನ್ ವಿಜೇತರೂ ಅದೇ ಕೂಡಿಕೆಯಿಂದ ಬಂದವು. ಹೀಗೆ ಕೂಡಿಬರುವುದಕ್ಕೆ ‘ನಿಕ್’ ಎಂದು ಹೆಸರು. ಎನೇಬಲ್‌ನದು ಇನ್ನೂ ಹತ್ತಿರದ ಸಂಬಂಧ. ಸ್ಯಾಡ್ಲರ್ಸ್ ವೆಲ್ಸ್ ಅವಳಿಗೆ ತಂದೆಯ ಕಡೆಯಿಂದ ಮುತ್ತಜ್ಜ, ತಾಯಿಯ ಕಡೆಯಿಂದ ನೇರ ಅಜ್ಜ. ನೀವು ಹೇಳಿದ ಅಕ್ಕನ ಮಗಳ ಸಂಬಂಧಕ್ಕಿಂತ ಇದು ದೂರದ್ದೇ ಆದರೂ, ಯುರೋಪಿನ ಸಾಕಣೆಗಾರರು ಹಿಂದೆ ಇಷ್ಟು ಹತ್ತಿರಕ್ಕೆ ಹೋಗಲು ಅಳುಕುತ್ತಿದ್ದರು.

ನಾರ್ದರ್ನ್ ಡ್ಯಾನ್ಸರ್ ಎಲ್ಲೆಲ್ಲೂ ಹೇಗೆ ಹೊಕ್ಕಿತು ಎಂಬುದೇ ಒಂದು ಕತೆ. ಕೆನಡಾದಲ್ಲಿ 1961ರಲ್ಲಿ ಹುಟ್ಟಿದ ಗಿಡ್ಡ ಕುದುರೆ ಅದು. ಒಂದು ವರ್ಷದ ಮರಿಯಾಗಿದ್ದಾಗ 25,000 ಡಾಲರ್‌ಗೆ ಮಾರಾಟಕ್ಕಿಟ್ಟರೆ ಕೊಳ್ಳುವವರೇ ಬರಲಿಲ್ಲ. 1964ರಲ್ಲಿ ಅದು ಕೆಂಟಕಿ ಡರ್ಬಿಯನ್ನು ಎರಡು ನಿಮಿಷಕ್ಕೆ ಸರಿಯಾಗಿ ಓಡಿ ಗೆದ್ದಿತು. 1980ರ ದಶಕದ ನಡುವಿಗೆ ಅದರೊಂದಿಗೆ ಒಂದು ಸಲ ಹೆಣ್ಣುಕುದುರೆಯನ್ನು ಕೂಡಿಸಲು ಹತ್ತು ಲಕ್ಷ ಡಾಲರ್ ಕೊಡುವವರಿದ್ದರು, ಮರಿ ಹುಟ್ಟುವ ಖಾತ್ರಿಯೂ ಇಲ್ಲದೆ. ಅದರ ಅಜ್ಜ, ಇಟಲಿಯ ನಿಯಾರ್ಕೊ, ಫ್ರಾಂಕೆಲ್‌ನಂತೆಯೇ ಹದಿನಾಲ್ಕು ಓಟ ಓಡಿ ಹದಿನಾಲ್ಕನ್ನೂ ಗೆದ್ದಿತ್ತು.

ಹಾನಿಯ ಮಾತು. ಹಾನಿ ಇದೆ. ತಳಿಯ ವೈವಿಧ್ಯ ಕುಗ್ಗುತ್ತಿರುವುದರ ಬಗ್ಗೆ ತಜ್ಞರು ಎಚ್ಚರಿಸುತ್ತಲೇ ಇದ್ದಾರೆ. 2020ರಲ್ಲಿ ಅಮೆರಿಕದ ಸ್ಟಡ್ ಬುಕ್ಕನ್ನು ನೋಡಿಕೊಳ್ಳುವ ಜಾಕಿ ಕ್ಲಬ್, ಒಂದು ಗಂಡುಕುದುರೆ ಒಂದು ಋತುವಿನಲ್ಲಿ 140ಕ್ಕಿಂತ ಹೆಚ್ಚು ಹೆಣ್ಣುಕುದುರೆಗಳನ್ನು ಕೂಡಬಾರದೆಂದು ನಿಯಮ ಮಾಡಿತು. ದೊಡ್ಡ ಸ್ಟಡ್ ಫಾರ್ಮ್‌ಗಳು, ಅಂದರೆ ಕುದುರೆ ಸಾಕಣೆಯ ಕೇಂದ್ರಗಳು, ನ್ಯಾಯಾಲಯಕ್ಕೆ ಹೋದವು. 2022ರಲ್ಲಿ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು. ಹಣವೂ ವಿವೇಕವೂ ಎದುರಾದಾಗ ಯಾವುದು ಗೆಲ್ಲುತ್ತದೆಂದು ಹೇಳಲು ಹ್ಯಾಂಡಿಕ್ಯಾಪರ್ ಬೇಕಿಲ್ಲ.

ಪ್ರಶ್ನೆ: ಎಲ್ಲ ಲೇಖನಗಳಲ್ಲೂ ತಂದೆಯ ಹೆಸರೇ ದೊಡ್ಡದಾಗಿರುತ್ತದೆ. ತಾಯಿಯದೇನೂ ಪಾತ್ರವಿಲ್ಲವೆ? — ಓದುಗರು, ಧಾರವಾಡ

ಉತ್ತರ: ಸರಿಯಾಗಿಯೇ ಕುಟುಕಿದ್ದೀರಿ. ಹೆಣ್ಣುಕುದುರೆ ಹನ್ನೊಂದು ತಿಂಗಳು ಹೊತ್ತು ವರ್ಷಕ್ಕೆ ಒಂದು ಮರಿ ಹಾಕುತ್ತದೆ. ಅದೇ ಅವಧಿಯಲ್ಲಿ ಹೆಸರಾಂತ ಗಂಡುಕುದುರೆ ನೂರಕ್ಕೂ ಹೆಚ್ಚು ಮರಿಗಳಿಗೆ ತಂದೆಯಾಗುತ್ತದೆ. ಪಟ್ಟಿಯಲ್ಲಿ ಗಂಡಿನ ಹೆಸರು ಮತ್ತೆ ಮತ್ತೆ ಬರುವುದು ಈ ಎಣಿಕೆಯಿಂದಲೇ ಹೊರತು, ಅದರ ಪಾಲು ಹೆಚ್ಚೆಂದಲ್ಲ. ಸ್ವತಃ ಸಾಕಣೆಗಾರರು ಇದನ್ನು ಬಲ್ಲರು. ಅವರ ಮಾತಿನಲ್ಲಿ ‘ಅಣ್ಣತಮ್ಮ’ ಎನಿಸಿಕೊಳ್ಳಬೇಕಾದರೆ ತಾಯಿ ಒಂದೇ ಆಗಿರಬೇಕು. ತಂದೆ ಒಂದಾಗಿ ತಾಯಿ ಬೇರೆಯಾದ ಎರಡು ಕುದುರೆಗಳನ್ನು ಯಾರೂ ಒಡಹುಟ್ಟು ಎನ್ನುವುದಿಲ್ಲ.

ಫ್ರಾಂಕೆಲ್‌ನ ತಾಯಿ ಕೈಂಡ್ ಐದಾರು ಫರ್ಲಾಂಗಿನ ಗಿಡ್ಡ ಓಟಗಳಲ್ಲಿ ಚುರುಕಾಗಿದ್ದವಳು, ಆರು ಓಟ ಗೆದ್ದವಳು. ಗೆಲಿಲಿಯೋ 2001ರಲ್ಲಿ ಗೆದ್ದದ್ದು ಹನ್ನೆರಡು ಫರ್ಲಾಂಗಿನ ಎಪ್ಸಂ ಡರ್ಬಿಯನ್ನು. ತಾಯಿಯ ಚುರುಕು, ತಂದೆಯ ದಮ್ಮು ಎರಡೂ ಮಗನಲ್ಲಿ ಸರಿಯಾದ ಅಳತೆಯಲ್ಲಿ ಬೆರೆತವು ಎಂದು ಈಗ ಹೇಳುವುದು ಸುಲಭ. ಅದೇ ತಂದೆತಾಯಿಯ ಇನ್ನೊಬ್ಬ ಮಗ ನೋಬಲ್ ಮಿಷನ್ ಕೂಡ 2014ರಲ್ಲಿ, ಅಣ್ಣ ಕೊನೆಯದಾಗಿ ಗೆದ್ದಿದ್ದ ಚಾಂಪಿಯನ್ ಸ್ಟೇಕ್ಸ್ ಓಟವನ್ನೇ ಗೆದ್ದಿತು. ಕೈಂಡ್‌ಳ ಚೊಚ್ಚಲ ಮಗ ಬುಲೆಟ್ ಟ್ರೇನ್‌ನದು ಬೇರೆ ಬಗೆಯ ಬಾಳು. ತಮ್ಮನಿಗೆ ವೇಗ ಹಾಕಿಕೊಡುವ ಪೇಸ್‌ಮೇಕರ್ ಆಗಿ, ಗೆಲ್ಲುವ ಆಸೆಯಿಲ್ಲದೆ, ಓಟದಿಂದ ಓಟಕ್ಕೆ ಮುಂದೆ ಓಡಿ ಹಿಂದೆ ಉಳಿಯಿತು. ಈ ಇಡೀ ಕತೆಯಲ್ಲಿ ನನಗೆ ಅಚ್ಚುಮೆಚ್ಚು ಆ ಅಣ್ಣನೇ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಗೆಲಿಲಿಯೋನ ತಾಯಿ ಅರ್ಬನ್ ಸೀ ಸಿಗುತ್ತಾಳೆ. 1993ರಲ್ಲಿ ಯಾರ ಲೆಕ್ಕಕ್ಕೂ ಸಿಗದೆ ಆರ್ಕ್ ಓಟ ಗೆದ್ದವಳು. ಅವಳ ಮಗ ಗೆಲಿಲಿಯೋ, ಮಕ್ಕಳು ಗೆದ್ದ ಹಣದ ಲೆಕ್ಕದಲ್ಲಿ, ಹನ್ನೆರಡು ಸಲ ಬ್ರಿಟನ್–ಐರ್ಲೆಂಡಿನ ಅಗ್ರ ತಂದೆಕುದುರೆಯಾದ. ಇನ್ನೊಬ್ಬ ಮಗ ಸೀ ದ ಸ್ಟಾರ್ಸ್ 2009ರಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಂದರಂತೆ ಆರು ಗ್ರೂಪ್ ಒನ್ ಓಟ ಗೆದ್ದ. ಟೂ ಥೌಸಂಡ್ ಗಿನೀಸ್‌ನಿಂದ ಶುರುವಾಗಿ, ತಾಯಿ ಗೆದ್ದಿದ್ದ ಆರ್ಕ್‌ನಲ್ಲೇ ಆ ಸಾಲು ಮುಗಿಯಿತು. ಅಷ್ಟರಲ್ಲಿ ಅವಳಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ಮರಿ ಹಾಕಿದ ಬೆನ್ನಿಗೇ ಸತ್ತಿದ್ದಳು.

ಓಟದಲ್ಲೂ ಹೆಣ್ಣುಕುದುರೆಗಳು ಹಿಂದೆ ಬಿದ್ದಿಲ್ಲ. ಆಸ್ಟ್ರೇಲಿಯಾದ ಬ್ಲ್ಯಾಕ್ ಕೇವಿಯರ್ ಇಪ್ಪತ್ತೈದು ಓಟ ಓಡಿ ಇಪ್ಪತ್ತೈದನ್ನೂ ಗೆದ್ದಿತು. ಅದೇ ದೇಶದ ವಿಂಕ್ಸ್ ಬಿಡುವಿಲ್ಲದೆ ಮೂವತ್ತಮೂರು ಓಟ ಗೆದ್ದಿತು. 2024ರಲ್ಲಿ ವಿಂಕ್ಸ್‌ಳ ಮಗಳು, ಇನ್ನೂ ಬೆನ್ನ ಮೇಲೆ ಜೀನು ಕಾಣದ ಮರಿ, ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಹರಾಜಾಯಿತು. ಅಲ್ಲಿ ಬೆಲೆ ಕಟ್ಟಿದ್ದು ಯಾರ ಹೆಸರಿಗೆ ಎಂದು ನಿಮಗೆ ಹೇಳಬೇಕಿಲ್ಲ.

ಪ್ರಶ್ನೆ: ಸೋಲೇ ಇಲ್ಲದ ಕುದುರೆಯನ್ನು ನಾಲ್ಕನೆಯ ವಯಸ್ಸಿಗೇ ನಿಲ್ಲಿಸಿದ್ದೇಕೆ? ಹಸುಗಳಿಗೆ ಮಾಡುವಂತೆ ಕೃತಕ ಗರ್ಭಧಾರಣೆ ಮಾಡಿಸಿ, ಓಟವನ್ನೂ ಮುಂದುವರಿಸಬಹುದಿತ್ತಲ್ಲ? — ಓದುಗರು, ಮಂಡ್ಯ

ಉತ್ತರ: ಹಳ್ಳಿಗೆ ಸೈಕಲ್ ಮೇಲೆ ಬರುತ್ತಿದ್ದ ಜಾನುವಾರು ಸಿಬ್ಬಂದಿಯ ನೆನಪಿರುವವರಿಗೆ ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಥರೋಬ್ರೆಡ್ ಜಗತ್ತಿನಲ್ಲಿ ಕೃತಕ ಗರ್ಭಧಾರಣೆಗೆ ಸಂಪೂರ್ಣ ನಿಷೇಧವಿದೆ. ಹಾಗೆ ಹುಟ್ಟಿದ ಮರಿಯನ್ನು ಯಾವ ದೇಶದ ಸ್ಟಡ್ ಬುಕ್ಕೂ ಸೇರಿಸಿಕೊಳ್ಳುವುದಿಲ್ಲ. ಸ್ಟಡ್ ಬುಕ್ಕಿನಲ್ಲಿ ಇಲ್ಲದ್ದು ಓಡುವಂತಿಲ್ಲ. ಗಂಡು, ಹೆಣ್ಣು ಎರಡನ್ನೂ ಒಂದೇ ಕೊಟ್ಟಿಗೆಗೆ ತಂದು ಕೂಡಿಸಲೇಬೇಕು. ಉತ್ತರಾರ್ಧಗೋಳದಲ್ಲಿ ಫೆಬ್ರವರಿ ನಡುವಿನಲ್ಲಿ ಶುರುವಾಗುವ ಈ ಋತುವಿನಲ್ಲಿ ಹೆಣ್ಣುಕುದುರೆಗಳು ಲಾರಿಯೇರಿ, ಕೆಲವೊಮ್ಮೆ ವಿಮಾನವೇರಿ, ಗಂಡಿನ ಊರಿಗೆ ಬರುತ್ತವೆ. ಹೆಣ್ಣು ಸಿದ್ಧವಾಗಿದೆಯೇ ಎಂದು ನೋಡಲು ಮೊದಲು ಕಡಿಮೆ ಬೆಲೆಯ ಬೇರೊಂದು ಗಂಡನ್ನು ಹತ್ತಿರ ತರುತ್ತಾರೆ. ಅದು ಮೂಸಿ ನೋಡಿ ಕೆಲಸ ಮುಗಿಸಿ ಮರಳಬೇಕು. ಮುಂದಿನದು ಅದರ ಪಾಲಿಗಿಲ್ಲ. ದುಬಾರಿ ಕುದುರೆಗೆ ಒದೆ ಬೀಳದಿರಲೆಂದು ಹೆಣ್ಣಿನ ಹಿಂಗಾಲುಗಳಿಗೆ ಮೆತ್ತನೆಯ ಬೂಟು ತೊಡಿಸುತ್ತಾರೆ. ಹುಟ್ಟಿದ ಮರಿಯ ಡಿಎನ್‌ಎ ಪರೀಕ್ಷೆ ಮಾಡಿ ತಂದೆತಾಯಿಯನ್ನು ಖಚಿತಪಡಿಸಿಕೊಂಡ ಮೇಲೆಯೇ ಹೆಸರು ದಾಖಲಾಗುವುದು. ಉತ್ತರಾರ್ಧಗೋಳದ ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ಕ್ಕೆ ಒಂದು ವರ್ಷ ದೊಡ್ಡದಾಗುತ್ತದೆ. ಆದ್ದರಿಂದ ಎಲ್ಲರಿಗೂ ವರ್ಷದ ಆರಂಭದ ತಿಂಗಳುಗಳಲ್ಲೇ ಮರಿ ಬೇಕು. ಫ್ರಾಂಕೆಲ್ ಹುಟ್ಟಿದ್ದು 2008ರ ಫೆಬ್ರವರಿ 11ರಂದು.

ನಿಲ್ಲಿಸಿದ್ದೇಕೆ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. ಹದಿನಾಲ್ಕು ಓಟಗಳಿಂದ ಫ್ರಾಂಕೆಲ್ ಗಳಿಸಿದ್ದು ಸುಮಾರು 30 ಲಕ್ಷ ಪೌಂಡ್. ನ್ಯೂಮಾರ್ಕೆಟ್ ಬಳಿಯ ಬ್ಯಾನ್‌ಸ್ಟೆಡ್ ಮ್ಯಾನರ್ ಸ್ಟಡ್‌ನಲ್ಲಿ ತಂದೆಕುದುರೆಯಾಗಿ ನೆಲೆಸಿದ ಮೊದಲ ವರ್ಷ, 2013ರಲ್ಲಿ, ಒಂದು ಹೆಣ್ಣುಕುದುರೆಗೆ ಶುಲ್ಕ 1,25,000 ಪೌಂಡ್. ಬರೀ ನೂರು ಹೆಣ್ಣುಕುದುರೆ ಎಂದಿಟ್ಟುಕೊಂಡರೂ ಒಂದೇ ಋತುವಿಗೆ ಒಂದೂಕಾಲು ಕೋಟಿ ಪೌಂಡ್. ಇಷ್ಟಿರುವಾಗ ಕಾಲು ಮುರಿದುಕೊಳ್ಳುವ ಅಪಾಯವನ್ನು ಹೊತ್ತು ಇನ್ನೊಂದು ವರ್ಷ ಓಡಿಸುವವರು ಯಾರು? ನೋಡುಗರಿಗೆ ಇದು ನಷ್ಟವೇ. ನಾಲ್ಕು ವರ್ಷದವರೆಗೆ ಓಡಿಸಿದ್ದನ್ನೇ ಖಾಲಿದ್ ಅಬ್ದುಲ್ಲಾ ಅವರ ದೊಡ್ಡತನವೆನ್ನಬೇಕು. ಮೂರಕ್ಕೇ ನಿಲ್ಲಿಸಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. 2024ಕ್ಕೆ ಶುಲ್ಕ 3,50,000 ಪೌಂಡ್‌ಗೆ ಏರಿತ್ತು.

ಪ್ರಶ್ನೆ: ಸೆಕ್ರೆಟೇರಿಯಟ್‌ಗೂ ಫ್ರಾಂಕೆಲ್‌ಗೂ ಓಟವಿಟ್ಟಿದ್ದರೆ? — ಓದುಗರು, ನ್ಯೂಜೆರ್ಸಿ

ಉತ್ತರ: ಎಲ್ಲಿ ಎಂದು ಮೊದಲು ಹೇಳಿ. 1973ರ ಬೆಲ್ಮಾಂಟ್ ಓಟವನ್ನು ಅಮೆರಿಕದ ಹೆಸರಾಂತ ಕುದುರೆ ಸೆಕ್ರೆಟೇರಿಯಟ್ 31 ಲೆಂಗ್ತಿನಿಂದ ಗೆದ್ದಿತು. ಅದು ಒಂದೂವರೆ ಮೈಲಿಯ, ಮಣ್ಣಿನ ಹಾದಿಯ ಓಟ. ಅದಕ್ಕೆ ಹಿಡಿದ 2 ನಿಮಿಷ 24 ಸೆಕೆಂಡಿನ ದಾಖಲೆ ಅಲ್ಲಿ ಇಂದಿಗೂ ಮುರಿದಿಲ್ಲ. ಫ್ರಾಂಕೆಲ್ ಮಣ್ಣಿನ ಮೇಲೆ ಎಂದೂ ಓಡಲಿಲ್ಲ, ಅಷ್ಟು ದೂರವೂ ಓಡಲಿಲ್ಲ. ಬೆಲ್ಮಾಂಟ್‌ನಲ್ಲಾದರೆ ನಿಮ್ಮ ಕುದುರೆ, ನ್ಯೂಮಾರ್ಕೆಟ್‌ನ ಮೈಲಿಯಲ್ಲಾದರೆ ನನ್ನ ಕುದುರೆ.

ಪ್ರಶ್ನೆ: ಚೆನ್ನಾಗಿ ಓಡಿದ ಕುದುರೆಗೆ ಚೆನ್ನಾಗಿ ಓಡುವ ಮರಿಯೇ ಹುಟ್ಟುವುದು ಖಚಿತವೆ? ಭಾರತಕ್ಕೂ ಈ ದೊಡ್ಡ ವಂಶಗಳಿಗೂ ಏನಾದರೂ ನಂಟಿದೆಯೆ? — ಓದುಗರು, ಬೆಂಗಳೂರು

ಉತ್ತರ: ಖಚಿತವಾಗಿದ್ದರೆ ಈ ಇಡೀ ವ್ಯವಹಾರವೇ ನಡೆಯುತ್ತಿರಲಿಲ್ಲ. ವಿಶ್ವ ಪಟ್ಟಿಯ ಅಂಕ ಹೇಳುವುದು ಕುದುರೆ ತಾನು ಎಷ್ಟು ಓಡಿತು ಎಂದಷ್ಟೇ. ಮರಿಗೆ ಏನು ದಾಟಿಸಿತು ಎಂಬುದು ಗೊತ್ತಾಗಲು ಮತ್ತೆ ನಾಲ್ಕೈದು ವರ್ಷ ಕಾಯಬೇಕು. ಹದಿನೆಂಟರಲ್ಲಿ ಹದಿನೇಳು ಗೆದ್ದ ಬ್ರಿಗೇಡಿಯರ್ ಜೆರಾರ್ಡ್ ತಂದೆಯಾಗಿ ನಿರಾಸೆ ತಂದಿತು. 1996ರಲ್ಲಿ ಮೊದಲ ದುಬೈ ವಿಶ್ವಕಪ್ ಗೆದ್ದ, ಸತತ ಹದಿನಾರು ಓಟ ಗೆದ್ದು ಅಮೆರಿಕದ ಕಣ್ಮಣಿಯಾಗಿದ್ದ ಸಿಗಾರ್‌ಗೆ ಒಂದು ಮರಿಯೂ ಹುಟ್ಟಲಿಲ್ಲ. ಬಂಜೆತನ ಗೊತ್ತಾದ ಮೇಲೆ ಕೆಂಟಕಿಯ ಕುದುರೆ ಉದ್ಯಾನದಲ್ಲಿ ಜನ ಬಂದು ನೋಡಿಹೋಗುವ ಕುದುರೆಯಾಗಿ ಉಳಿಯಿತು. ಸೆಕ್ರೆಟೇರಿಯಟ್‌ನ ಗಂಡುಮಕ್ಕಳು ಅಪ್ಪನ ಹೆಸರನ್ನು ಅಷ್ಟಾಗಿ ಉಳಿಸಲಿಲ್ಲ. ಹೆಣ್ಣುಮಕ್ಕಳ ಮೂಲಕ ಎ. ಪಿ. ಇಂಡಿ, ಸ್ಟಾರ್ಮ್ ಕ್ಯಾಟ್‌ನಂಥ ಮೊಮ್ಮಕ್ಕಳು ಬಂದು ಅಮೆರಿಕದ ತಳಿಯನ್ನೇ ತಿದ್ದಿದರು. ಇನ್ನೊಂದು ತುದಿಯಲ್ಲಿ ಫ್ರಾಂಕೆಲ್‌ನ ಪೂರ್ವಜ ಡ್ಯಾನ್ಜಿಗ್ ಇದೆ. ಕಾಲಿನ ತೊಂದರೆಯಿಂದ ಮೂರೇ ಓಟ ಓಡಿದ ಕುದುರೆ. ಮೂರನ್ನೂ ಗೆದ್ದಿತ್ತು ನಿಜ, ಆದರೆ ಒಂದೂ ದೊಡ್ಡ ಓಟವಲ್ಲ. ತಂದೆಯಾಗಿ ಅದು ಮಾಡಿದ್ದನ್ನು ನೂರು ಚಾಂಪಿಯನ್ನರೂ ಮಾಡಲಿಲ್ಲ.

ಎರಡೂ ಖಾತೆಗಳಲ್ಲಿ ಜಮೆ ಇರುವ ಅಪರೂಪದ ಕುದುರೆ ಫ್ರಾಂಕೆಲ್. ಮೊದಲ ವರ್ಷದ ಮರಿಗಳಲ್ಲೇ ಸೋಲ್ ಸ್ಟಿರಿಂಗ್ ಎಂಬ ಹೆಣ್ಣು 2017ರಲ್ಲಿ ಜಪಾನಿನ ಓಕ್ಸ್ ಗೆದ್ದಿತು. 2021ರಲ್ಲಿ ಅಡಾಯರ್ ಎಪ್ಸಂ ಡರ್ಬಿಯನ್ನೂ ಹರಿಕೇನ್ ಲೇನ್ ಐರಿಷ್ ಡರ್ಬಿಯನ್ನೂ ಗೆದ್ದಾಗ ಫ್ರಾಂಕೆಲ್ ಬ್ರಿಟನ್–ಐರ್ಲೆಂಡಿನ ಅಗ್ರ ತಂದೆಕುದುರೆಯಾಯಿತು. ಅದೇ ವರ್ಷದ ಜನವರಿಯಲ್ಲಿ ಖಾಲಿದ್ ಅಬ್ದುಲ್ಲಾ, ಜುಲೈನಲ್ಲಿ ಗೆಲಿಲಿಯೋ ತೀರಿಹೋದರು. 2022ರಲ್ಲಿ ಆಲ್ಪಿನಿಸ್ಟಾ ಆರ್ಕ್ ಗೆದ್ದಳು. 2023ರಲ್ಲಿ ಚಾಲ್ಡಿಯನ್, ತಂದೆ ಒಬ್ಬಂಟಿಯಾಗಿ ಓಡಿದ್ದ ಆ ನೇರ ಮೈಲಿಯಲ್ಲೇ, ಟೂ ಥೌಸಂಡ್ ಗಿನೀಸ್ ಗೆದ್ದಿತು.

ಭಾರತದ ನಂಟಿನ ಮಾತಿಗೆ ಒಂದೇ ಉದಾಹರಣೆ ಸಾಕು. ನಾರ್ದರ್ನ್ ಡ್ಯಾನ್ಸರ್‌ನ ಕೊನೆಕೊನೆಯ ಮಕ್ಕಳಲ್ಲಿ ರಜೀನ್ ಎಂಬುದೊಂದು. ತರಬೇತಿ ಕೊಟ್ಟವರು ಇದೇ ಹೆನ್ರಿ ಸೆಸಿಲ್. 1990ರ ಎಪ್ಸಂ ಡರ್ಬಿಯಲ್ಲಿ ಜನ ಹೆಚ್ಚು ನಂಬಿ ಹಣ ಕಟ್ಟಿದ್ದು ಅದರ ಮೇಲೆ. ಅದು ಎಲ್ಲೋ ಹಿಂದೆ ಉಳಿಯಿತು. ಆ ಓಟ ಗೆದ್ದದ್ದು ಕ್ವೆಸ್ಟ್ ಫಾರ್ ಫೇಮ್, ಖಾಲಿದ್ ಅಬ್ದುಲ್ಲಾ ಅವರ ಕುದುರೆ. ಸೋತ ರಜೀನ್ ಭಾರತಕ್ಕೆ ಬಂದು ಉಷಾ ಸ್ಟಡ್ ಸೇರಿತು. ಹಲವು ವರ್ಷ ಇಲ್ಲಿನ ಅಗ್ರ ತಂದೆಕುದುರೆಯಾಗಿ ಮೆರೆಯಿತು. ಮುಂದಿನ ಸಲ ಬೆಂಗಳೂರಿನಲ್ಲಿ ರೇಸ್ ಪುಸ್ತಕ ಕೈಗೆ ಬಂದಾಗ, ಓಟಗಳ ಪಟ್ಟಿಯನ್ನು ಬಿಟ್ಟು, ಕುದುರೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಂದೆತಾಯಿಯ ಸಾಲನ್ನು ಒಮ್ಮೆ ಓದಿ. ತಾಯಿಯ ತಂದೆಯ ಹೆಸರಿನತ್ತ ಹೆಚ್ಚು ಗಮನವಿರಲಿ.